ಖಾಲಿ ಮನೆಯ ಅಜ್ಜಿ

ಘೃಷ್ಣೇಶ್ವರನ ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಗೋದಾವರಿಯಲ್ಲಿ ಮುಳುಗಿ ಹೇಳು ಎಂದರೂ ಹೇಳುತ್ತೇನೆ. ಮುಳುಗಿ ಹೇಳಿದ್ದು ನಿಮಗೆ ಕೇಳಿಸುವುದಿಲ್ಲ, ಅದೊಂದೇ ತೊಂದರೆ.

ಉಳಿದ ಬ್ಯಾಂಕಿನವರಿಗೆ ವರ್ಗವಾದರೆ ಹೊಸ ಮನೆ, ಹೊಸ ಶಾಖೆ, ಹೊಸ ಮ್ಯಾನೇಜರು ಸಿಗುತ್ತಾರೆ. ನನಗೆ ಇವುಗಳ ಸಂಗಡ ಒಂದು ದೆವ್ವವೂ ಸಿಗುತ್ತದೆ. ಧಾರವಾಡ ಬಿಟ್ಟಾಗಿನಿಂದ ಇದೇ ಹಣೆಬರಹ. ದೆವ್ವಗಳಿಗೂ ಒಂದು ಅಂತಸ್ತು ಇರುತ್ತದೆ ನೋಡಿ. ಅಂಜುಬುರುಕರ ಹತ್ತಿರ ಹೋಗಿ ಅವು ಹೆಸರು ಕೆಡಿಸಿಕೊಳ್ಳುವುದಿಲ್ಲ. ಧೈರ್ಯವಂತರನ್ನು ಹುಡುಕಿಕೊಂಡು ಬರುತ್ತವೆ. ವಿಳಾಸ ಕೇಳಿದರೆ ಯಾರಾದರೂ ನನ್ನ ಮನೆಯನ್ನೇ ತೋರಿಸುತ್ತಾರೆ.

ವೇರೂಳಿನ ದನಿ

ಆಗ ನಾನು ಸಂಭಾಜಿನಗರದ ಶಾಖೆಯಲ್ಲಿದ್ದೆ. ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯಬೇಕೆಂದು ತಲೆಗೆ ಹೊಕ್ಕಿತು. ಒಬ್ಬ ರಾಜಕುಮಾರ, ಒಬ್ಬಳು ರಕ್ಕಸಿ, ಹೊಟ್ಟೆ ಹುಣ್ಣಾಗುವಷ್ಟು ನಗು, ನಡುನಡುವೆ ಕೂದಲು ನಿಮಿರುವಷ್ಟು ಭಯ. ನಗು ನನ್ನಲ್ಲಿ ಬೇಕಾದಷ್ಟಿತ್ತು. ರಕ್ಕಸಿಯ ದನಿಯೊಂದು ಸಿಕ್ಕಿರಲಿಲ್ಲ.

ಹುಡುಕಿಕೊಂಡು ಒಂದು ಆದಿತ್ಯವಾರ ವೇರೂಳಿಗೆ, ಅಂದರೆ ಎಲ್ಲೋರಾಕ್ಕೆ, ಹೋದೆ. ಮಟಮಟ ಮಧ್ಯಾಹ್ನ. ಜನರೆಲ್ಲ ದೊಡ್ಡ ಗುಡಿಯ ಕಡೆ ಇದ್ದರು. ನಾನು ಕೊನೆಯ ಕಡೆಗಿದ್ದ ಒಂದು ಗುಹೆ ಹೊಕ್ಕೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಬಾವಿಯ ತಂಪು. ಬಾವಲಿಯ ವಾಸನೆ. ಗೋಡೆಯಲ್ಲೊಂದು ಕಲ್ಲಿನ ಹೆಂಗಸು. ಮುಖವೆಲ್ಲ ಸವೆದುಹೋಗಿ ಬಾಯಿ ಮಾತ್ರ ಉಳಿದಿತ್ತು. ಆಕೆಯ ಎದುರು ನಿಂತು, ಹೊಟ್ಟೆಯಿಂದ ದನಿ ಎಳೆದು ಕೂಗಿದೆ:

“ಯಾರಲೇ ಒಳಗ?”

ಒಳಗ, ಒಳಗ ಎಂದು ಗುಹೆ ನನ್ನ ಮಾತನ್ನೇ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಬಾವಲಿಗಳು ಒಮ್ಮೆ ಮಿಸುಕಾಡಿದವು. ಆಮೇಲೆ ಒಳಗಿನ ಕತ್ತಲೆಯಿಂದ ಒಂದು ಗೊಗ್ಗರು ದನಿ ಬಂತು:

“ನೀ ಯಾರಲೇ ಹೊರಗ?”

ನಾನು ಓಡಲಿಲ್ಲ. ಧೈರ್ಯವಂತರು ಓಡುವುದಿಲ್ಲ. ಆ ಗುಹೆಯೇ ಬಹಳ ವೇಗದಲ್ಲಿ ನನ್ನಿಂದ ಹಿಂದೆ ಹೋಯಿತು.

ಕೆಳಗೆ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಗದಗಿನಿಂದ ಬಂದ ಬಸ್ಸು ನಿಂತಿತ್ತು. ಒಬ್ಬ ದಪ್ಪ ಯಜಮಾನರು ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ ಹೇಳುತ್ತಿದ್ದರು. ತಂಪಾಗಿದೆಯೆಂದು ಗುಹೆಯೊಳಗೆ ಅಡ್ಡಾಗಿದ್ದರಂತೆ, ಒಂದು ರಕ್ಕಸಿ ಬಂದು ಸ್ವಚ್ಛ ಧಾರವಾಡದ ಕನ್ನಡದಲ್ಲಿ ಯಾರಲೇ ಎಂದು ಗದರಿಸಿತಂತೆ, ಇವರು ಎದುರುತ್ತರ ಕೊಟ್ಟದ್ದೇ ದಬದಬ ಓಡಿತಂತೆ. ಅವರ ಹೆಂಡತಿ ನನ್ನ ಕಡೆ ತಿರುಗಿ, “ನೀವು ಇಲ್ಲೇ ಇರವ್ರು ಕಾಣಸ್ತೀರಿ. ಇಲ್ಲಿ ಕನ್ನಡದ ದೆವ್ವ ಅದಾವೇನ್ರಿ?” ಎಂದು ಕೇಳಿದರು.

“ಒಂದs ಅದರಿ,” ಎಂದೆ. “ಆದಿತ್ಯವಾರ ಅಷ್ಟ ಬರ್ತದ. ಉಳಿದ ದಿವಸ ಬ್ಯಾಂಕಿನಾಗಿರ್ತದ.”

ಪುಟ ತಿರುಗಿಸುವ ಸದ್ದು

ಮುಂದೆ ನಾಸಿಕಕ್ಕೆ ವರ್ಗವಾಯಿತು. ಅಣ್ಣ ಅಲ್ಲಿನ ಸಾತಪುರದ ಕಾರ್ಖಾನೆಯಲ್ಲಿದ್ದಾನೆ, ಅವನ ಮನೆಯಲ್ಲೇ ಇಳಿದುಕೊಂಡೆ. ನಾಲ್ಕು ಅಧ್ಯಾಯ ಮುಗಿದಿದ್ದವು. ಪುಸ್ತಕ ಅಚ್ಚು ಹಾಕಿಸುತ್ತೀರಾ ಎಂದು ಕೇಳಲು ಊರಿನ ಕನ್ನಡ ಸಂಘದ ಕಾರ್ಯದರ್ಶಿಗಳ ಬಳಿ ಹೋದೆ. ಅವರು ಕುಂದಾಪುರದ ಕಡೆಯವರು, ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಇಡ್ಲಿ ತಿನ್ನಿಸಿದರು. ಬಾಯಿ ತುಂಬಿದ್ದಾಗ ನಾನು ಕಥೆ ಹೇಳಲಾರೆ ಎಂಬ ಲೆಕ್ಕವಿರಬೇಕು, ಮುಗಿದಂತೆ ಮತ್ತೆ ಹಾಕಿಸುತ್ತಿದ್ದರು.

ಕೊನೆಗೆ, ಒಂದು ತೋರಿಸುವುದುಂಟು ಬನ್ನಿ ಎಂದು ಮಹಡಿಗೆ ಕರೆದೊಯ್ದರು. ಬೀಗ ಹಾಕಿದ ಕೋಣೆ. ಬಾಗಿಲಿಗೆ ಕಿವಿ ಇಡಿ ಎಂದು ಸನ್ನೆ ಮಾಡಿದರು. ಇಟ್ಟೆ. ಒಳಗೆ ಯಾರೋ ಪುಸ್ತಕದ ಪುಟ ತಿರುಗಿಸುತ್ತಿದ್ದರು. ಚರ್ರ್. ಸ್ವಲ್ಪ ಹೊತ್ತು ಮೌನ, ಓದುತ್ತಿರುವವರ ಹಾಗೆ. ಮತ್ತೆ ಚರ್ರ್.

“ದಿನಾ ಹೀಗೇ,” ಎಂದರು ಪಿಸುದನಿಯಲ್ಲಿ. ನನ್ನ ಬೆನ್ನಿನ ಮೇಲೆ ಒಂದು ತಣ್ಣನೆಯ ಇರುವೆ ಹತ್ತಿ ಇಳಿಯಿತು.

ಬೀಗ ತೆಗೆದರು. ಒಳಗೆ ನರಪಿಳ್ಳೆಯಿಲ್ಲ. ನೆಲದಿಂದ ಸೂರಿನವರೆಗೆ ಕಟ್ಟುಕಟ್ಟು ಪುಸ್ತಕ, ಎಲ್ಲ ಸಂಘ ಅಚ್ಚು ಹಾಕಿಸಿದ ಮಕ್ಕಳ ಪುಸ್ತಕ. ಕಟ್ಟುಗಳ ನಡುವೆ ಎರಡು ಪುಟ್ಟ ಕಣ್ಣು ಹೊಳೆದವು.

“ಇಲಿ ಮಾರಾಯ್ರೆ. ನಾಸಿಕದಲ್ಲಿ ನಮ್ಮ ಪುಸ್ತಕ ಓದುವವರು ಇವರೊಬ್ಬರೇ. ಮುಖಪುಟದಿಂದ ಹಿಡಿದರೆ ಬೆನ್ನುಡಿ ಮುಗಿಯುವ ತನಕ ಬಿಡುವುದಿಲ್ಲ.” ಆಮೇಲೆ ಕರಾರು ಹೇಳಿದರು. ಇಲ್ಲೇ ಬೆಳೆದ ಒಂದು ಮಗು, ಒಂದೇ ಒಂದು, ಪೆಟ್ಟಿಲ್ಲದೆ ಚಾಕಲೇಟಿಲ್ಲದೆ ತಾನಾಗಿ ನಿಮ್ಮ ಪುಸ್ತಕ ಕೊನೆಯ ತನಕ ಓದಲಿ, ಮರುದಿನವೇ ಅಚ್ಚಿಗೆ ಕೊಡುತ್ತೇನೆ.

ಮಗು ಸಿಗದಿದ್ದರೆ ಎಂದು ಕೇಳಿದೆ.

“ಸಿಗದಿದ್ದರೆ ಬೇಡ. ಈ ಇಲಿಗಳಿಗೆ ಈಗಾಗಲೇ ಅಜೀರ್ಣ.”

ಭಾಳ ಹಸತಾಳ

ನನ್ನ ಕೈಗೆ ಸಿಗುವ ಮಗು ಒಂದೇ, ಅಣ್ಣನ ಮಗಳು. ಹತ್ತು ವರ್ಷ, ನಾಸಿಕದಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಏನು ಹೇಳಿದರೂ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಒಂದು ರಜೆಯಲ್ಲಿ ಅವಳ ತಾಯಿ, ನಮ್ಮ ವೈನಿ, ಪಾಟಿ ಹಿಡಿದು ಕನ್ನಡದ ಅಕ್ಷರ ಕಲಿಸಿದ್ದರು. ‘ಳ’ ಬಂದಲ್ಲೆಲ್ಲ ಈಕೆ ಮರಾಠಿಯ ಅಕ್ಷರವನ್ನೇ ಬರೆದು, ಎರಡೂ ಒಂದೇ ಅಲ್ಲವೇ ಎಂದು ವಾದಿಸುತ್ತಿದ್ದಳು. ವೈನಿ ಸೋತರು, ಪಾಟಿ ಅಟ್ಟ ಸೇರಿತು.

ನಾಲ್ಕು ಅಧ್ಯಾಯಗಳನ್ನೂ ಅಭಿನಯ ಮಾಡಿ ಓದಿ ಹೇಳಿದೆ. ವೇರೂಳಿನ ಕಲ್ಲು ಬೆವರುವಂಥ ದನಿ ನನ್ನದು. ಆಕೆ ಮೊಣಕಾಲಿನ ಗಾಯದ ಹೊಪ್ಪಳಿಕೆ ಕೀಳುತ್ತ ಕೇಳಿದಳು. ನಗಲಿಲ್ಲ, ಅಂಜಲಿಲ್ಲ. ಮುಗಿದ ಮೇಲೆ ಎದ್ದು ಹೋದಳು.

ಹಟಕ್ಕೆ ಬಿದ್ದು ಐದನೆಯ ಅಧ್ಯಾಯ ಬರೆದೆ. ಅದರಲ್ಲಿ ರಕ್ಕಸಿಯ ಹಲ್ಲೆಲ್ಲ ಉದುರಿಬಿಡುತ್ತವೆ. ರಾಜಕುಮಾರನನ್ನು ಹಿಡಿದು ತರುತ್ತಾಳೆ, ಆಮೇಲೆ ಗೋಳಾಡುತ್ತಾಳೆ: “ಹಿಡದದ್ದಾತು, ಅಗಿಯವ್ರು ಯಾರು?” ಇದನ್ನು ಯಾರಿಗೂ ತೋರಿಸಲಿಲ್ಲ. ನೋಟಬುಕ್ಕನ್ನು ತಲೆದಿಂಬಿನ ಕೆಳಗಿಟ್ಟೆ. ಮರುದಿನ ಅದು ಬೋರಲಾಗಿತ್ತು. ಅದರ ಮರುದಿನ ನಶ್ಯದ ವಾಸನೆ ಬಡಿಯುತ್ತಿತ್ತು. ನಮ್ಮ ಮನೆಯಲ್ಲಿ ನಶ್ಯ ಏರಿಸುವವರು ಯಾರೂ ಇಲ್ಲ.

ಮಧ್ಯಾಹ್ನದ ಊಟಕ್ಕೆ ನಾನು ಬ್ಯಾಂಕಿನಿಂದ ಮನೆಗೆ ಬರುತ್ತೇನೆ. ಹುಡುಗಿಗೆ ಬೆಳಗಿನ ಶಾಲೆ. ಉಂಡವಳು ವೈನಿ ಮಲಗಿದ ಕೂಡಲೇ ಮಾಯವಾಗುತ್ತಿದ್ದಳು. ಎಲ್ಲಿಗೆ ಹೋಗುತ್ತೀ ಎಂದು ಒಂದು ದಿನ ಕೇಳಿದೆ.

“ಖಾಲಿ ಮನಿ ಅಜ್ಜಿ ಕಡೆ.”

ಒಂದರ ಹಿಂದೊಂದು ಕನ್ನಡದ ಮಾತು! ಹಿಗ್ಗಿಹೋಗಿ ಒಂದು ಪೆಪರಮಿಂಟು ಕೊಟ್ಟೆ. ಸ್ಕೂಟರಿನಲ್ಲಿ ಅರ್ಧ ದಾರಿ ಹೋದ ಮೇಲೆ ಹೊಳೆಯಿತು, ಖಾಲಿ ಮನೆಯಲ್ಲಿ ಅಜ್ಜಿ ಹೇಗೆ ಬಂದಳು?

ಮೂರನೆಯ ಮಹಡಿಯಲ್ಲಿ ನಮ್ಮೆದುರಿನ ಮನೆ ಎರಡು ವರ್ಷದಿಂದ ಖಾಲಿ. ಬೀಗಕ್ಕೆ ತುಕ್ಕು ಹಿಡಿದಿದೆ. ಅದರ ಮುಂದೆ ಹಾಯುವಾಗ ಎಲ್ಲರ ಚಪ್ಪಲಿಯೂ ಸ್ವಲ್ಪ ಅವಸರ ಮಾಡುತ್ತದೆ. ಯಾಕೆಂದು ಯಾರೂ ಹೇಳುವುದಿಲ್ಲ.

ಮರುದಿನ ಹುಡುಗಿಯನ್ನು ಮೆಲ್ಲಗೆ ವಿಚಾರಿಸಿದೆ. ಅಜ್ಜಿಗೆ ಒಂದೂ ಹಲ್ಲಿಲ್ಲವಂತೆ. ಹಗಲೆಲ್ಲ ಒಬ್ಬಳೇ ಇರುತ್ತಾಳಂತೆ. ಮೂಗಿನಲ್ಲಿ ಕರಿಯ ಪುಡಿ ತುಂಬಿಕೊಳ್ಳುತ್ತಾಳಂತೆ. ನೀನು ಹೋದರೆ ಏನು ಮಾಡುತ್ತಾಳೆ ಎಂದು ಕೇಳಿದೆ. ಹುಡುಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

“ನನ್ನ ನೋಡಿದ್ರ ಭಾಳ ಹಸತಾಳ.”

ಆವತ್ತು ನಾನು ಊಟ ಮಾಡಲಿಲ್ಲ. ನನ್ನ ಪಾಲಿನ ರೊಟ್ಟಿಯನ್ನು ಎದುರಿನ ಬಾಗಿಲ ಮುಂದೆ ಇಟ್ಟು ಬ್ಯಾಂಕಿಗೆ ಹೋದೆ. ಸಂಜೆ ಬಂದಾಗ ರೊಟ್ಟಿ ಇರಲಿಲ್ಲ. ಬೆಕ್ಕು ತಿಂದಿರಬೇಕು ಎಂದರು ವೈನಿ. ನಮ್ಮ ಕಟ್ಟಡದಲ್ಲಿ ಬೆಕ್ಕಿಲ್ಲ ಎಂದು ಅವರಿಗೆ ನೆನಪು ಮಾಡಿಕೊಡಲು ನನಗೆ ಧೈರ್ಯವಿತ್ತು, ಇಷ್ಟವಿರಲಿಲ್ಲ.

ನಾಳೆ ಬಾ

ಮರುದಿನ ಆ ಬಾಗಿಲಿಗೆ ಕಿವಿಗೊಟ್ಟೆ. ಒಳಗೆ ಸದ್ದಿಲ್ಲ. ಹಳೆಯ ಧೂಳಿನ ವಾಸನೆ. ಆಮೇಲೆ, ಗೋಡೆಯಿಂದಲೋ ನೆಲದಿಂದಲೋ ತಿಳಿಯದ ಹಾಗೆ, ಸವೆದ ದನಿಯೊಂದು ಎದ್ದಿತು:

“ಹಿಡದದ್ದಾತು. ಅಗಿಯವ್ರು ಯಾರು?”

ನನ್ನ ವಾಕ್ಯ. ಯಾರಿಗೂ ತೋರಿಸದ ನನ್ನ ವಾಕ್ಯ. ಲೇಖಕರು ಸಾವಿರ ಇರಬಹುದು, ಅಚ್ಚಾಗುವ ಮೊದಲೇ ದೆವ್ವ ಬಾಯಿಪಾಠ ಮಾಡಿದ್ದು ನನ್ನ ಪುಸ್ತಕವನ್ನು ಮಾತ್ರ. ಈ ಹೆಮ್ಮೆಯಲ್ಲಿ ಒಂದೇ ನೆಗೆತಕ್ಕೆ ನಮ್ಮ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡೆ.

ಇಂಥದ್ದಕ್ಕೆ ನಮ್ಮ ಕಡೆ ಹಿರಿಯರು ಮದ್ದು ಮಾಡಿಟ್ಟಿದ್ದಾರೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ದೆವ್ವ ಓದಿಕೊಂಡು ಹೋಗುತ್ತದೆ, ನಾಳೆ ಬಂದು ಮತ್ತೆ ಓದುತ್ತದೆ. ನಮ್ಮ ಶಾಖೆಯ ಗ್ರಾಹಕರೂ ಹೀಗೇ, ಮದ್ದು ಪರೀಕ್ಷಿತ. ಹುಡುಗಿಯ ಪೆಟ್ಟಿಗೆಯಿಂದ ಸೀಮೆಸುಣ್ಣ ತೆಗೆದುಕೊಂಡು ಹೋಗಿ ಆ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ, ‘ನಾಳೆ ಬಾ.’

ನಾಲ್ಕು ದಿನವಾದ ಮೇಲೆ ಒಬ್ಬ ಗೃಹಸ್ಥರು ಮೆಟ್ಟಿಲ ಮೇಲೆ ನನ್ನನ್ನು ತಡೆದರು. ಕಲಬುರಗಿಯಿಂದ ಇಲ್ಲಿನ ಕೇಂದ್ರ ಸರಕಾರದ ಕಚೇರಿಗೆ ವರ್ಗವಾಗಿ ಬಂದವರು. ಆ ಮನೆ ಬಾಡಿಗೆಗೆ ನೋಡಲು ಮಾಲಕರು ಕೀಲಿ ಕೊಟ್ಟಿದ್ದರಂತೆ. ಬಂದು ನೋಡಿದರೆ ನಾಳೆ ಬಾ. ಮರುದಿನ ಬಂದರು, ನಾಳೆ ಬಾ. ಕೀಲಿ ಕೈಯಲ್ಲಿ ಹಿಡಿದುಕೊಂಡೇ ನಾಲ್ಕು ದಿನ ಮರಳಿ ಹೋಗಿದ್ದರು. ಬರೆದವರು ನೀವೇನು ಎಂದು ಕೇಳಿದರು. ಹೌದೆಂದೆ.

“ನಾಳೆ ಅಂದ್ರ ನಾಳೆ ಬರೋಣಂತ್ರಿ, ಅದಕ್ಕ ನನ್ನ ತಕರಾರಿಲ್ಲ,” ಎಂದರು. “ಆದ್ರ ‘ಬಾ’ ಅಂತ ಏಕವಚನ ಯಾಕ್ರಿ? ‘ಬರ್ರಿ’ ಅಂತ ಬರದಿದ್ರ ನಿಮ್ಮ ಸುಣ್ಣ ಸವಿತಿತ್ತೇನು?”

ಇಂಥ ನೆರೆಹೊರೆ ತಮಗೆ ಬೇಡವೆಂದು ಕೀಲಿ ವಾಪಸು ಕೊಡಲು ಹೋದರು.

ಅಗಿಯವರು ಯಾರು

‘ನಾಳೆ ಬಾ’ ಎಂಬುದನ್ನು ನೋಡಿ ಸರಕಾರಿ ನೌಕರರು ಹೋದರೇ ಹೊರತು ಹುಡುಗಿ ಮಾಯವಾಗುವುದು ನಿಲ್ಲಲಿಲ್ಲ. ಅಣ್ಣ ವೈನಿಗೆ ಹೇಳಿದರೆ ನಕ್ಕಾರು. ಸುಮ್ಮನಿದ್ದರೆ ಹಸಿದ ಮುದುಕಿಯ ಕೈಯಲ್ಲಿ ಮಗು. ಪುಸ್ತಕ ಹಾಳಾಗಿ ಹೋಗಲಿ, ಮಗುವನ್ನು ಬಿಡಿಸಿ ತರಬೇಕೆಂದು ತೀರ್ಮಾನ ಮಾಡಿದೆ.

ಹಣೆ ತುಂಬ ವಿಭೂತಿ ಬಳಿದುಕೊಂಡೆ. ಎರಡೂ ಕಿಸೆಯಲ್ಲಿ ಲಿಂಬೆಹಣ್ಣು. ಕೈಯಲ್ಲಿ ಬೇವಿನ ಟೊಂಗೆ. ದೆವ್ವ ತಲೆಗೆ ಹೊಡೆಯುತ್ತದೆಂದು ಕೇಳಿದ್ದೆ, ಅದಕ್ಕೆ ಅಣ್ಣನ ಕಾರ್ಖಾನೆಯ ಹಳದಿ ಹೆಲ್ಮೆಟ್ಟು. ಮೆಟ್ಟಿಲ ತಿರುವಿನಲ್ಲಿ ಅಡಗಿ ನಿಂತೆ.

ಹುಡುಗಿ ಹೊರಗೆ ಬಂದಳು. ಕಂಕುಳಲ್ಲಿ ನನ್ನ ನೋಟಬುಕ್ಕು. ಎದುರಿನ ಬಾಗಿಲ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಇಳಿದಳು. ಹಿಂದೆಯೇ ನಾನು. ಎರಡನೆಯ ಮಹಡಿಯಲ್ಲಿ, ಆ ಖಾಲಿ ಮನೆಯ ನೇರ ಕೆಳಗೆ, ಒಂದು ಬಾಗಿಲು ಅರ್ಧ ತೆರೆದಿತ್ತು. ಪರದೆ, ಪರದೆಯಾಚೆ ಕತ್ತಲೆ, ನಶ್ಯದ ವಾಸನೆ. ಹುಡುಗಿ ಒಳಗೆ ಹೋದಳು.

“ಬಂದ್ಯಾ? ದಾರಿ ಕಾಯ್ತಿದ್ದೆ,” ಎಂದಿತು ಆ ದನಿ. “ಹಿಡದದ್ದಾತು. ಇವತ್ತರ ತಿನ್ನೂದೇನು?”

ಟೊಂಗೆ ಎತ್ತಿ ಪರದೆ ಸರಿಸಿ ಒಳಗೆ ಜಿಗಿದೆ.

ಮಂಚದ ಮೇಲೆ ಕೂತಿದ್ದ ಮುದುಕಿ ನನ್ನನ್ನು ನೋಡಿದಳು. ಹಳದಿ ತಲೆ, ಬಿಳಿ ಹಣೆ, ಕೈಯಲ್ಲಿ ಗಿಡ. “ಓಡs ನನ್ನವ್ವಾ,” ಎಂದು ಚೀರಿದಳು, “ರಕ್ಕಸ ಬಂದ.”

ನಾನು ಬೀಳಲಿಲ್ಲ. ನೆಲವೇ ಮೇಲೆ ಬಂತು. ವೇರೂಳಿನ ಹಾಗೆ ಈ ಸಲವೂ ದೆವ್ವ ನಾನೇ ಆಗಿದ್ದೆ.

“ಹೆದರಬ್ಯಾಡ್ರಿ ಅಜ್ಜಿ, ಇವ್ರು ನಮ್ಮ ಕಾಕಾ. ಕಥಿ ಬರದವ್ರು,” ಎಂದಳು ಹುಡುಗಿ. ಕನ್ನಡದಲ್ಲಿ.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಇವನೇನು? ಕಥಿ ಛಲೋ ಅದ, ನಾ ಮತ್ತ್ಯಾರೋ ಶಾಣ್ಯಾರು ಬರದಾರಂತ ತಿಳದಿದ್ದೆ.”

ಆಮೇಲೆ ಒಂದೊಂದಾಗಿ ಎಲ್ಲ ತಿಳಿಯಿತು. ಅಜ್ಜಿ ಅಥಣಿಯ ಹತ್ತಿರದ ಹಳ್ಳಿಯವಳು, ಮಗನ ಮನೆಗೆ ಬಂದು ಮೂರು ತಿಂಗಳಾಗಿತ್ತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ, ಈಕೆಗೆ ಮರಾಠಿ ಬಾರದು, ಕಟ್ಟಡದಲ್ಲಿ ಮಾತಿಗೆ ಯಾರೂ ಇಲ್ಲ. ಶಾಲೆಯಿಂದ ಬರುತ್ತಿದ್ದ ಹುಡುಗಿಗೆ ಒಂದು ದಿನ ಈಕೆ ಗುಬ್ಬಿಯ ಜೊತೆ ಕನ್ನಡದಲ್ಲಿ ಮಾತಾಡುವುದು ಕೇಳಿಸಿತಂತೆ. ಹುಡುಗಿ ನನ್ನ ನಾಲ್ಕು ಅಧ್ಯಾಯ ಹೇಳಿ ಮುಗಿಸಿದಳು. ಮುಂದೇನಾಯಿತೆಂದು ಕೇಳುವುದನ್ನು ಅಜ್ಜಿ ಬಿಡಲಿಲ್ಲ. ಹಾಗಾಗಿ ಹುಡುಗಿ ದಿನಾ ನೋಟಬುಕ್ಕು ಎತ್ತಿಕೊಂಡು ಬಂದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು.

“ಖಾಲಿ ಮನಿ ಅಂದಿದ್ದಿಯಲ್ಲ?” ಎಂದೆ ನೆಲದಲ್ಲಿ ಕೂತೇ.

“ಹೂಂ, ಖಾಲಿ,” ಎಂದು ಬೆರಳು ಕೆಳಗೆ ಮಾಡಿ ತೋರಿಸಿದಳು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಹಸತೆ ಎಂದರೆ ನಗುತ್ತಾಳೆ. ಮಹಾರಾಷ್ಟ್ರದಲ್ಲಿ ಇಷ್ಟು ವರ್ಷ ನೌಕರಿ ಮಾಡಿದ ನನಗೆ ಗೊತ್ತಿಲ್ಲದ ಮಾತೇ ಅದು? ಮನೆಯವರ ಬಾಯಲ್ಲಿ ಬಂದದ್ದೆಲ್ಲ ಕನ್ನಡವೇ ಇರಬೇಕೆಂದು ಕಾದು ಕೂತ ಕಿವಿ ನನ್ನದು.

ಕೊನೆಯಲ್ಲಿ ರಕ್ಕಸಿಯನ್ನು ಏನು ಮಾಡುತ್ತೀ ಎಂದು ಅಜ್ಜಿ ಕೇಳಿದಳು. ರಾಜಕುಮಾರ ಖಡ್ಗದಿಂದ ಕಡಿಯುತ್ತಾನೆ ಎಂದೆ. ಅಜ್ಜಿ ಒಂದು ಚಿಟಿಕೆ ನಶ್ಯ ಏರಿಸಿದಳು.

“ಹಲ್ಲಿಲ್ಲದಾಕಿನ್ನ ಯಾಕ ಕೊಲ್ತಿಯೋ? ಹಾಲಾಗ ರೊಟ್ಟಿ ನೆನಸಿ ಕೊಟ್ರ ಆತು. ಆಕಿ ಹುಡುಗನ್ನ ಹಿಡಕೊಂಡು ಬಂದದ್ದು ತಿನ್ನಾಕಲ್ಲ. ಮಾತಾಡಾಕ.”

“ಹಂಗs ಬರೀರಿ, ಕಾಕಾ,” ಎಂದಳು ಹುಡುಗಿ. ಐದನೆಯ ಅಧ್ಯಾಯದ ಕೊನೆಯನ್ನು ಹಾಗೆಯೇ ಬರೆದೆ.

ಅದನ್ನೂ ಹುಡುಗಿ ತಾನಾಗಿ ಓದಿದಳು. ಆಮೇಲೆ ಕಾರ್ಯದರ್ಶಿಗಳು ಅಜ್ಜಿಯ ಕೋಣೆಗೇ ಬಂದು ಕೂತು ಪರೀಕ್ಷೆ ಮಾಡಿದರು. ಹುಡುಗಿ ಮೊದಲಿನಿಂದ ಕೊನೆಯ ತನಕ ಓದಿ ಹೇಳಿದಳು. ಅಚ್ಚಿಗೆ ಕೊಡುವ ಮಾತು ಪಕ್ಕಾ ಆಯಿತು. ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಎಲ್ಲಿ ಮಗಳೇ ಎಂದು ಅವರು ಕೇಳಿದರು. ಮೂರನೆಯ ಅಧ್ಯಾಯ ಅನ್ನುತ್ತಾಳೆಂದು ನಾನು ಮುಖ ಗಂಭೀರ ಮಾಡಿಕೊಂಡೆ.

“ಕಾಕಾ ಹೆಲ್ಮೆಟ್ ಹಾಕ್ಕೊಂಡು ಬಂದು ಬಿದ್ದದ್ದು.”

ಅದು ಪುಸ್ತಕದಲ್ಲಿ ಇಲ್ಲವಲ್ಲ ಎಂದರು ಕಾರ್ಯದರ್ಶಿಗಳು.

“ಹಾಕ್ರಿ,” ಎಂದಳು. ಹಾಕಿದ್ದಾರೆ. ಈಗ ಅದು ಆರನೆಯ ಅಧ್ಯಾಯ.

ಆಣೆ ಮಾಡಿದ ಮೇಲೆ ಒಂದು ಸಣ್ಣ ಸಂಗತಿ ಒಪ್ಪಿಕೊಳ್ಳದೆ ಗತಿಯಿಲ್ಲ. ‘ನಾಳೆ ಬಾ’ ಎಂದು ನಾನು ಬರೆದೆ ಅಂದೆನಲ್ಲ, ಅದು ಕಟ್ಟಿದ ಮಾತು. ಸೀಮೆಸುಣ್ಣ ಹಿಡಿದು ಹೋದದ್ದು ನಿಜ. ಹೋಗಿ ನೋಡಿದರೆ ಬಾಗಿಲ ಮೇಲೆ ಅದು ಆಗಲೇ ಬರೆದಿತ್ತು. ಅಜ್ಜಿಗೆ ಅಕ್ಷರ ಬಾರದು. ಹುಡುಗಿಯ ‘ಳ’ ಇವತ್ತಿಗೂ ಮರಾಠಿಯದು. ಬಾಗಿಲ ಮೇಲಿನದು ದುಂಡಗಿನ, ಪಳಗಿದ ಕೈಯ ಕನ್ನಡದ ‘ಳ’. ಕಲಬುರಗಿಯವರಿಂದ ಬೈಸಿಕೊಂಡದ್ದು ಮಾತ್ರ ನಾನೇ.

ಅವರು ಬೈದು ಹೋಗಿ ತಿಂಗಳಾಯಿತು, ಒರೆಸಿಬಿಡೋಣವೆಂದು ಮೊನ್ನೆ ಒದ್ದೆ ಬಟ್ಟೆ ತೆಗೆದುಕೊಂಡು ಹೋದೆ. ‘ಬಾ’ ಅಳಿಸಿ, ಯಾರೋ ಅದೇ ದುಂಡಗಿನ ಕೈಬರಹದಲ್ಲಿ ‘ಬರ್ರಿ’ ಎಂದು ತಿದ್ದಿದ್ದರು.