ಬೆಲ್ಲವಿಲ್ಲದ ಹೋಳಿಗೆ

ನನಗೆ ಬರುವುದು ಒಂದೇ ಕಲೆ, ಒತ್ತಾಯ ಮಾಡಿ ಬಡಿಸುವುದು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎನ್ನುವವರ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸಿದ ಕೈ ಇದು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರು ನಮ್ಮಲ್ಲಿ ಊಟವಿದ್ದರೆ ಮುಂಜಾನೆಯಿಂದ ಉಪವಾಸವಿದ್ದೇ ಬರುತ್ತಾರೆ. ಇಂಥ ನನ್ನ ಸೊಕ್ಕು ಇಳಿಸಿದವಳು ನನ್ನ ಮೊಮ್ಮಗಳು ಅಕ್ಕು. ವಯಸ್ಸು ಹತ್ತು.

ಅಕ್ಕುಗೆ ಏಳನೇ ವರ್ಷಕ್ಕೇ ಟೈಪ್ ಒನ್ ಸಕ್ಕರೆ ಕಾಯಿಲೆ ಬಂತು. ಮೈಯಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ. ತಿನ್ನುವುದಕ್ಕೆಲ್ಲ ಲೆಕ್ಕ ಹಾಕಿ ಚುಚ್ಚಿಕೊಳ್ಳಬೇಕು. "ಕೂಸು ಸಿಹಿ ಭಾಳ ತಿಂತಿತ್ತೇನ್ರಿ?" ಎಂದು ಪಕ್ಕದ ಮನೆಯಾಕೆ ನನ್ನನ್ನು ಕೇಳಿದರೆ ಅಕ್ಕುವೇ ಉತ್ತರ ಕೊಟ್ಟಳು: "ಇದು ತಿಂದು ಬರೂದಲ್ರಿ ಕಾಕೂ. ಹಂಗಿದ್ರ ಮೊದಲ ನಮ್ಮಜ್ಜಿಗೆ ಬರಬೇಕಿತ್ತು." ಅವಳ ತೋಳಿಗೆ ಅಂಟಿಸಿದ ಬಿಲ್ಲೆಯೊಂದು ರಕ್ತದ ಸಕ್ಕರೆ ಏರಿಳಿಯುವ ಗೆರೆಯನ್ನು ಫೋನಿನಲ್ಲಿ ತೋರಿಸುತ್ತದೆ; ತೀರ ಏರಿದರೆ, ಇಳಿದರೆ ಫೋನು ಚೀರುತ್ತದೆ. ರೊಟ್ಟಿ ಕಂಡರೆ ಸಾಕು, ಇಷ್ಟು ಗ್ರಾಂ ಎಂದು ಹೇಳಿಬಿಡುತ್ತಾಳೆ. ನನಗೋ ಫೋನಿನಲ್ಲಿ ತಂಗಿಯ ನಂಬರ್ ಹುಡುಕಲಿಕ್ಕೂ ಅವಳೇ ಬೇಕು.

ಧಾರವಾಡದ ಡಾಕ್ಟರು ಒಮ್ಮೆ ನನ್ನನ್ನೂ ಕೂರಿಸಿ ಹೇಳಿದರು: "ಸಕ್ಕರಿ ಮ್ಯಾಲ ಕೆಳಗ ಜಿಗಿದಾಡಬಾರದ್ರಿ ಅಜ್ಜಿ. ವರ್ಷಾನಗಟ್ಲೆ ಹಂಗ ಆದ್ರ ಕಣ್ಣಿನ ಹಿಂದಿನ ಸಣ್ಣ ರಕ್ತನಾಳ ಕೆಡತಾವ. ಆಮ್ಯಾಲ ಅಲ್ಲೆ ಬ್ಯಾಡಾದ ಹೊಸ ನಾಳ ಬೆಳೀತಾವ. ಭಾಳ ನಾಜೂಕ ಅವು, ಒಡದ್ರ ಕಣ್ಣಿಗೇ ತ್ರಾಸು." ನಾಗರ ಪಂಚಮಿ ಮುಗಿದ ಮೇಲೆ ಕಣ್ಣಿನ ಪರೀಕ್ಷೆ ಮಾಡಿಸಿ ಎಂದರು. ಎಷ್ಟು ಚಂದದ ಕಣ್ಣು ಅವಳವು! ಈ ಹುಡುಗಿಯ ಬಾಯಿಗೆ ಇನ್ನು ಬೆಲ್ಲ ಬೀಳಗೊಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಕಾರ ಹುಣ್ಣಿಮೆ ಬಂತು. ಎಲ್ಲರಿಗೂ ಬೆಲ್ಲದ ಹೂರಣ. ಅಕ್ಕುಗೆ ಮಾತ್ರ, ಔಷಧದ ಅಂಗಡಿಯಿಂದ ಗುಟ್ಟಾಗಿ ತಂದ, ಸಕ್ಕರೆಯಿಲ್ಲದ ಸಿಹಿ ಪುಡಿಯ ಹೂರಣ. ಸೊಸೆಗೂ ಹೇಳಲಿಲ್ಲ. ಅಕ್ಕು ಎರಡು ಹೋಳಿಗೆಯ ಲೆಕ್ಕ ಹಾಕಿ, ಇನ್ಸುಲಿನ್ ಚುಚ್ಚಿಕೊಂಡು, ತುಪ್ಪ ಸುರಿದುಕೊಂಡು ಚಪ್ಪರಿಸಿದಳು. ನಾನು ಒಳಗೊಳಗೇ ಬೀಗಿದೆ.

ಒಂದು ತಾಸಿಗೆ ಫೋನು ಚೀರತೊಡಗಿತು. ಕೇರಂ ಆಡುತ್ತಿದ್ದ ಅಕ್ಕುವಿನ ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ಸಕ್ಕರೆ ಸರ್ರನೆ ಇಳಿಯುತ್ತಿತ್ತು. ನಾನು "ಅಯ್ಯ ಶಿವನ!" ಎಂದು ಅಲ್ಲೇ ಕುಸಿದೆ. ಅವಳು ಚೀಲದಿಂದ ಗ್ಲೂಕೋಸ್ ತೆಗೆದು, ನೀರಿಗೆ ಕಲಸಿ ಕುಡಿದು, ಗಡಿಯಾರ ನೋಡುತ್ತ ಕೂತಳು. ಕಾಲು ತಾಸಿನ ಮೇಲೆ ಬೆರಳು ಚುಚ್ಚಿ ನೋಡಿದಳು. ಏರಿತ್ತು. ಆಮೇಲೆ ನನ್ನತ್ತ ತಿರುಗಿದಳು.

"ನನ್ನ ಲೆಕ್ಕಾ ತಪ್ಪಿಲ್ಲ. ಅಜ್ಜಿ, ಖರೇ ಹೇಳು, ಹೋಳಗ್ಯಾಗ ಬೆಲ್ಲ ಇತ್ತೋ ಇಲ್ಲೋ?"

ಒಪ್ಪಿಕೊಂಡೆ. ಅಳುವೂ ಬಂತು.

"ಬೆಲ್ಲ ಐತಿ ಅಂತ ತಿಳದು ನಾ ಇನ್ಸುಲಿನ್ ತಗೊಂಡೆ. ಬೆಲ್ಲ ಇಲ್ಲಂದ್ರ ಅದು ಇದ್ದ ಸಕ್ಕರೀನೂ ಇಳಿಸತೈತಿ. ಏನರ ಹಾಕು ಅಜ್ಜಿ, ನನಗ ಹೇಳಿ ಹಾಕು," ಎಂದು ನನ್ನ ಸೆರಗಿನಿಂದಲೇ ನನ್ನ ಕಣ್ಣೊರೆಸಿದಳು. ನಾನು ಹೆದರಿದ್ದು ಏರುವುದಕ್ಕೆ ಮಾತ್ರ; ಇಳಿಯುವುದೂ ಡಾಕ್ಟರು ಹೇಳಿದ ಜಿಗಿದಾಟವೇ ಎಂಬುದು ನನ್ನ ತಲೆಗೆ ಇಳಿದೇ ಇರಲಿಲ್ಲ. ನಡುಗುವ ಕೈಯಲ್ಲೂ ಲೆಕ್ಕ ತಪ್ಪದ ಆ ಹುಡುಗಿಯನ್ನು ನೋಡಿ ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ಅಂದಿನಿಂದ ನಮ್ಮ ಅಡುಗೆಮನೆಗೆ ತಕ್ಕಡಿ ಬಂದಿದೆ. ನಲವತ್ತು ವರ್ಷ ಕೈಯಳತೆಯಲ್ಲೇ ಊರಿಗೆಲ್ಲ ಉಣಿಸಿದವಳು ಈಗ ಹೂರಣದ ಒಂದೊಂದು ಉಂಡೆಯನ್ನೂ ತೂಗುತ್ತೇನೆ. "ನಾಕು ಗ್ರಾಂ ಜಾಸ್ತಿ ಆತು, ಚಿವುಟು," ಎಂದು ಅಪ್ಪಣೆಯಾಗುತ್ತದೆ. ಚಿವುಟುತ್ತೇನೆ. ಚಿವುಟಿದ್ದು ನನ್ನ ಬಾಯಿಗೆ ಹೋಗುತ್ತದೆ, ಅದರ ಲೆಕ್ಕ ಯಾರೂ ಕೇಳಿಲ್ಲ.

ಪಂಚಮಿ ಮುಗಿಯಿತು. ಕಣ್ಣಿನ ಡಾಕ್ಟರು ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ನಾನು ನೆನಪಿದ್ದ ದೇವರನ್ನೆಲ್ಲ ಕರೆದು ಮುಗಿಸಿದೆ.

"ನಾಳ ಎಲ್ಲಾ ಛಲೋ ಅದಾವ್ರಿ. ಹೊಸದೇನೂ ಬೆಳದಿಲ್ಲ," ಎಂದರು ಕೊನೆಗೆ. ನನಗೆ ಉಸಿರು ಬಂತು. ಡಾಕ್ಟರು ಅಕ್ಕುವಿನತ್ತ ತಿರುಗಿದರು: "ಶಾಣ್ಯಾಕಿ ಇದ್ದೀ. ಸಕ್ಕರಿ ಸಂಭಾಳಿಸೂದು ಭಾಳ ಕಷ್ಟ ಅಲ್ಲೇನವಾ?"

"ಸಕ್ಕರಿ ಸಂಭಾಳಿಸೂದು ಸರಳ ಐತ್ರಿ," ಎಂದಳು ಅಕ್ಕು. "ಅಜ್ಜಿನ್ನ ಸಂಭಾಳಿಸೂದ ಕಷ್ಟ."

ಡಾಕ್ಟರು ನಕ್ಕು ನನ್ನತ್ತ ನೋಡಿದರು. ನಾನೂ ನಕ್ಕೆ, ತೊಡೆಯ ಮೇಲಿನ ಚೀಲವನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತ. ಪರೀಕ್ಷೆ ಚೆನ್ನಾಗಿ ಆದರೆ ಅವಳಿಗೆ ಕೊಡೋಣವೆಂದು ಅದರಲ್ಲಿ ನಾಲ್ಕು ಶೇಂಗಾ ಉಂಡೆ ಇಟ್ಟುಕೊಂಡು ಬಂದಿದ್ದೆ. ತೂಗಿರಲಿಲ್ಲ.