ಕುಡುಕನೆಂದು ನಂಬುವವರು ಬೇಕಾಗಿದ್ದಾರೆ

ತೊಂದರೆಗೆಲ್ಲ ಕಾರಣ ಅವನ ಮುಖ. ಇಪ್ಪತ್ತೆರಡು ವರ್ಷ ಕುಡಿದರೂ ಅದರ ಮೇಲೆ ಒಂದು ಗೀರು ಬಿದ್ದಿರಲಿಲ್ಲ. ಆಗಷ್ಟೇ ತೊಳೆದು ಒರೆಸಿಟ್ಟ ತಟ್ಟೆಯ ಹಾಗಿತ್ತು.

ಹಳೆಯ ಊರಿನಲ್ಲಿ ಈ ಮುಖಕ್ಕೆ ಯಾರೂ ಮೋಸಹೋಗುತ್ತಿರಲಿಲ್ಲ. ಅಲ್ಲಿ ಮಕ್ಕಳು ಬೀದಿಯಲ್ಲಿ ಬಿದ್ದಿರುತ್ತಿದ್ದ ಅವನನ್ನು ದಾಟಿಕೊಂಡು ಶಾಲೆಗೆ ಹೋಗುತ್ತಿದ್ದರು. ಕೊನೆಗೆ ಅಕ್ಕ ಅವನನ್ನು ಎಬ್ಬಿಸಿ, ಒಂದು ಪೆಟ್ಟಿಗೆ ತುಂಬಿ, ಈ ಹೊಸ ಊರಿನ ಚಿಕಿತ್ಸಾ ಕೇಂದ್ರಕ್ಕೆ ತಂದು ಸೇರಿಸಿದ್ದಳು. “ಇಲ್ಲಿ ನಿನ್ನ ಗುರುತು ಯಾರಿಗೂ ಇಲ್ಲ. ಹೊಸದಾಗಿ ಹುಟ್ಟಿದೀನಿ ಅಂದ್ಕೋ.”

ಅವನು ಹಾಗೇ ಅಂದುಕೊಂಡ. ನಲವತ್ತು ದಿನ ಒಂದು ಹನಿ ಮುಟ್ಟಲಿಲ್ಲ. ಹಗಲು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವುದು, ಸಂಜೆ ಐದರಿಂದ ಏಳರವರೆಗೆ ಕೇಂದ್ರದಲ್ಲಿ ಕುರ್ಚಿಗಳ ವೃತ್ತದಲ್ಲಿ ಕೂತು ಮಾತಾಡುವುದು. ಉಳಿದಿದ್ದು ಒಂದು ಅರ್ಜಿ ಮಾತ್ರ.

ಕೇಂದ್ರದ ನಿಯಮವೊಂದಿತ್ತು. ಪ್ರತಿ ರೋಗಿಗೂ ಊರಿನವನೇ ಆದ ಒಬ್ಬ ಕಾವಲುದಾರ ಬೇಕು. ನೆಂಟರಾಗಬಾರದು. ‘ಈತ ಕುಡುಕನೆಂದು ನಾನು ಬಲ್ಲೆ, ನಂಬುತ್ತೇನೆ’ ಎಂದು ಸಹಿ ಹಾಕಬೇಕು. ಹಾಕಿದ ಮೇಲೆ ತೊಂಬತ್ತು ಸಂಜೆ ರೋಗಿಯ ಜೊತೆಗೇ ಬಂದು ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಗಡುವು ಇವತ್ತು ಸಂಜೆ ಐದು. ತಪ್ಪಿದರೆ ಅವನ ಜಾಗ ಕಾಯುವ ಪಟ್ಟಿಯ ಮೊದಲನೆಯವರಿಗೆ. ಅವನು ಹಳೆಯ ಊರಿಗೆ. ಅಲ್ಲಿ ಅವನು ಬಸ್ಸಿಳಿಯುವುದನ್ನು ಕಂಡೊಡನೆ ಬಾರಿನವನು ಒಂದು ಗ್ಲಾಸು ಒರೆಸಲು ಶುರು ಮಾಡುತ್ತಾನೆ. ಅದು ಅವನಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಬೆಳಿಗ್ಗೆ ಏಳಕ್ಕೇ ಮನೆಯೊಡತಿಯ ಬಾಗಿಲು ತಟ್ಟಿದ. ಹೇಳುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಮೂರು ಸಲ ಮೊದಲಿನಿಂದ ಶುರು ಮಾಡಿದ.

ಆಕೆ ಕೇಳಿ, ಸೊಂಟದ ಮೇಲೆ ಕೈಯಿಟ್ಟು ನಕ್ಕಳು. “ನೀವಾ? ಕುಡುಕರಾ? ಸುಮ್ನಿರಿ ಸ್ವಾಮಿ! ನನ್ನ ಯಜಮಾನರು ಕುಡೀತಿದ್ರು. ಮೂವತ್ತು ವರ್ಷ ಸಂಸಾರ ಮಾಡಿದೀನಿ. ನನಗೆ ಹೇಳ್ಕೊಡ್ತೀರಾ?”

“ಅಮ್ಮಾ, ನಿಜವಾಗ್ಲೂ…”

“ಕುಡುಕರು ಬಾಡಿಗೆ ಒಂದನೇ ತಾರೀಕು ಕೊಡ್ತಾರಾ? ಮೆಟ್ಟಿಲು ಗುಡಿಸ್ತಾರಾ? ಯಾರೋ ನಿಮ್ಮ ತಲೆ ಕೆಡಿಸಿದಾರೆ. ಆ ಕೇಂದ್ರದೋರಿಗೆ ಗಿರಾಕಿ ಸಿಕ್ಕಿಲ್ಲ ಅಂತ ಕಾಣತ್ತೆ. ನೀವು ಹೋಗ್ಬೇಡಿ ಅಲ್ಲಿಗೆ.”

ಮೆಟ್ಟಿಲ ಮೇಲಿಂದ ಇದನ್ನೆಲ್ಲ ಕೇಳುತ್ತಿದ್ದ ಮಹಡಿಯ ನಿವೃತ್ತ ಪೊಲೀಸು ಬನಿಯನ್ನಿನಲ್ಲೇ ಕೆಳಗಿಳಿದು ಬಂದರು. ಎಂಟು ವರ್ಷದಿಂದ ಅವರಿಗೆ ವಿಚಾರಣೆ ಮಾಡಲು ಯಾರೂ ಸಿಕ್ಕಿರಲಿಲ್ಲ.

“ತಪ್ಪೊಪ್ಪಿಗೆ ಸಾಲದು. ಸಾಕ್ಷಿ ಏನಿದೆ?” ಎಂದರು.

“ಹಳೇ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ ಸರ್.”

“ಆ ಊರು ನನ್ನ ಠಾಣೆ ವ್ಯಾಪ್ತಿಗೆ ಬರಲ್ಲ. ಬನ್ನಿ ಮೇಲೆ.”

ಹೋದ. ಪೊಲೀಸಪ್ಪ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬೀರು ತೆಗೆದು, ಅಳಿಯ ತಂದುಕೊಟ್ಟ ಬಾಟಲಿಯ ಬಿರಡೆ ತಿರುಗಿಸಿ, ಒಂದು ಲೋಟಕ್ಕೆ ಎರಡು ಬೆರಳಷ್ಟು ಸುರಿದು ಮೇಜಿನ ಮೇಲಿಟ್ಟರು. “ಕುಡೀರಿ. ಹೇಗೆ ಕುಡೀತೀರ ಅಂತ ನೋಡಿ ಸಹಿ ಹಾಕ್ತೀನಿ. ಕಣ್ಣಾರೆ ಕಾಣದ್ದಕ್ಕೆ ನಾನು ಇಡೀ ನೌಕರೀಲಿ ಸಹಿ ಹಾಕಿಲ್ಲ.”

ವಾಸನೆ ಮೂಗಿಗೆ ಬಡಿಯಿತು. ಹಳೆಯ ಗೆಳೆಯನೊಬ್ಬ ಹಿಂದಿನಿಂದ ಬಂದು ಕಣ್ಣು ಮುಚ್ಚಿದ ಹಾಗಾಯಿತು. ಬಲಗೈ ಅವನ ಅಪ್ಪಣೆ ಕೇಳದೆ ಮೊಣಕಾಲಿನಿಂದ ಎದ್ದು ಮೇಜಿನತ್ತ ಹೊರಟಿತು. ಎಡಗೈಯಿಂದ ಅದನ್ನು ಹಿಡಿದುಕೊಂಡ. ಒಂದು ಗುಟುಕು, ಒಂದು ಸಹಿ, ತೊಂಬತ್ತು ದಿನದ ಚಿಕಿತ್ಸೆ. ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ ಅವನಿಗೆ ಹೆದರಿಕೆಯಾಯಿತು. ಕುರ್ಚಿ ಬೀಳಿಸಿ, ಅರ್ಜಿ ಬಾಚಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬೀದಿಗೆ ಬಿದ್ದ.

ಹಿಂದಿನಿಂದ ಪೊಲೀಸಪ್ಪ ಮನೆಯೊಡತಿಗೆ ಹೇಳುವುದು ಕೇಳಿಸಿತು: “ನೋಡಿದ್ರಾ? ತುಂಬಿದ ಲೋಟ ಬಿಟ್ಟು ಓಡಿದ. ಇಂಥವನು ಕುಡುಕನಾ? ಶುದ್ಧ ಸುಳ್ಳ!”

ಮುದ್ರಣಾಲಯದಲ್ಲಿ ಕರಡು ತಿದ್ದುವ ಮೇಡಮ್ಮಿಗೆ ಹೇಳುವಾಗ ಎರಡೇ ನಿಮಿಷ ಸಾಕಾಯಿತು. ಮೊದಲಿನಿಂದ ಶುರು ಮಾಡಬೇಕಾಗಲೂ ಇಲ್ಲ. ಆಕೆ ಗಂಭೀರವಾಗಿ ತಲೆಯಾಡಿಸಿ, ಕನ್ನಡಕ ಏರಿಸಿ, ಅರ್ಜಿಯನ್ನು ಕೈಗೆ ತೆಗೆದುಕೊಂಡಳು. ಅವನಿಗೆ ಉಸಿರು ಬಂತು. ಆಕೆ ಕೆಂಪು ಪೆನ್ನು ತೆಗೆದಳು. ಮೊದಲ ಸಾಲಿನಲ್ಲಿ ಒಂದು ಒತ್ತಕ್ಷರ ತಿದ್ದಿದಳು. ಎರಡನೆಯ ಸಾಲಿನಲ್ಲಿ ಅಲ್ಪವಿರಾಮ ಹಾಕಿದಳು.

“ಮೇಡಂ, ಸಹಿ…”

“ತಾಳಿ. ಇಲ್ನೋಡಿ, ‘ಬಲ್ಲೆ’ ಅಂದ್ಮೇಲೆ ಮತ್ತೆ ‘ನಂಬುತ್ತೇನೆ’ ಯಾಕೆ? ಗೊತ್ತಿದ್ರೆ ನಂಬೋದೇನು ಬಂತು? ಎರಡ್ರಲ್ಲಿ ಒಂದು ಹೊಡೆದುಹಾಕ್ಬೇಕು.” ಎರಡನ್ನೂ ಹೊಡೆದುಹಾಕಿದಳು. “ಇಷ್ಟು ತಪ್ಪಿರೋ ಕಾಗದಕ್ಕೆ ನಾನು ಸಹಿ ಹಾಕಲ್ಲ ಕಣ್ರೀ. ಅವ್ರಿಗೆ ಮತ್ತೆ ಅಚ್ಚು ಹಾಕ್ಸೋಕೆ ಹೇಳಿ. ಆಮೇಲೆ, ನೀವು ಕುಡಿಯೋದು ಅಂದ್ರೆ ಏನು? ಹಬೆಯಾಡೋ ಚಹಾ ನೋಡಿದ್ರೇ ನಾಚ್ಕೊಳ್ತೀರ!”

ಅರ್ಜಿ ಈಗ ಗಾಯಗೊಂಡ ಸೈನಿಕನ ಹಾಗಿತ್ತು. ಗಂಟೆ ಮೂರು.

ಮೂರೂವರೆಯ ಹೊತ್ತಿಗೆ ಅಂಗಡಿ ಬೀದಿಯಲ್ಲಿ ಅವನು ನಾಲ್ಕು ಮಂದಿಗೆ ಹೇಳಿ ಮುಗಿಸಿದ್ದ. ಈಗ ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಬರುತ್ತಿತ್ತು: “ನಮಸ್ಕಾರ, ನಾನು ಕುಡುಕ, ಒಂದು ಸಹಿ ಬೇಕಿತ್ತು.” ಔಷಧಿ ಅಂಗಡಿಯವನು ಹುಳಿತೇಗಿನ ಗುಳಿಗೆ ಕೊಟ್ಟ. ಕ್ಷೌರದವನು ತಾನು ಕದ್ದು ಸಿಗರೇಟು ಸೇದುವುದನ್ನು ಒಪ್ಪಿಕೊಂಡು, ಹೆಂಡತಿಗೆ ಹೇಳಬೇಡಿ ಎಂದು ಕೈಮುಗಿದ. ಕೊಡೆ ರಿಪೇರಿಯವನು ತನ್ನ ಮಗಳಿಗೆ ಇಂಥ ಪ್ರಾಮಾಣಿಕ ವರನನ್ನೇ ಹುಡುಕುತ್ತಿರುವುದಾಗಿ ತಿಳಿಸಿದ. ಚಪ್ಪಲಿ ಅಂಗಡಿಯವನು ಇದು ಯಾವುದೋ ಟಿವಿ ಕಾರ್ಯಕ್ರಮವೆಂದು ಕ್ಯಾಮೆರಾ ಹುಡುಕುತ್ತ ತಲೆ ಬಾಚಿಕೊಂಡ.

ನಾಲ್ಕೂ ಕಾಲಿಗೆ ಸೋತು ಮುದ್ರಣಾಲಯಕ್ಕೆ ವಾಪಸು ಬಂದ. ಉಳಿದಿದ್ದವರು ಮ್ಯಾನೇಜರು ಒಬ್ಬರೇ. ಅಳತೆಪಟ್ಟಿಯಂಥ ಮನುಷ್ಯ. ನಗುವಾಗಲೂ ತುಟಿಯ ಅಂಚು ನೇರವಾಗಿರುತ್ತಿತ್ತು. ಕೆಲಸ ಹೋದರೂ ಹೋಗಲಿ ಎಂದು ಒಳಗೆ ನುಗ್ಗಿದ.

“ಸರ್, ನಾನು ಕುಡುಕ.”

ಮ್ಯಾನೇಜರು ಅವನ ಮುಖವನ್ನು ನೋಡಲಿಲ್ಲ. ಕೈಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಎಷ್ಟು ದಿನ ಆಯ್ತು ಬಿಟ್ಟು?”

“ನಲವತ್ತು.”

“ಇವತ್ತು ಐದಕ್ಕೆ ಕೊನೆ, ಅಲ್ವಾ?”

“ನಿಮಗೆ ಹೇಗೆ…”

“ಕೊಡಿ ಇಲ್ಲಿ.” ಕೆಂಪು ಗೀರುಗಳ ನಡುವೆ ಜಾಗ ಹುಡುಕಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುವಾಗ ಒಂದು ಕ್ಷಣ ತಡೆದ ಹಾಗಿತ್ತು. “ಓಡಿ.”

ಓಡಿದ. ನಂಬುವವನೊಬ್ಬ ಸಿಕ್ಕಿದ್ದ! ಊರಿನಲ್ಲಿ ಒಬ್ಬನಿಗಾದರೂ ತಾನು ಯಾರೆಂದು ಗೊತ್ತಾಗಿತ್ತು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಕೇಂದ್ರದ ಸಲಹೆಗಾರ್ತಿಯ ಮೇಜಿನ ಮೇಲೆ ಅರ್ಜಿ ಇಟ್ಟ. ಆಕೆ ಕೆಂಪು ಮಸಿಯನ್ನು ಕ್ಷಮಿಸಿದಳು. ಸಹಿಯ ಮೇಲೆ ಬೆರಳು ನಿಂತಿತು.

“ಇವರಾ?” ಆಕೆ ಹುಬ್ಬು ಏರಿಸಿದಳು. “ಕಾಯೋ ಪಟ್ಟೀಲಿ ಮೊದಲನೇ ಹೆಸರೇ ಇವರದು. ಒಂದು ವರ್ಷ ಆಯ್ತು. ‘ಈ ಸಲ ಜಾಗ ಖಾಲಿಯಾಗೋ ಹಾಗಿದೆ, ಐದಕ್ಕೆ ತಯಾರಿರಿ’ ಅಂತ ನಿನ್ನೆ ನಾನೇ ಫೋನ್ ಮಾಡಿದ್ದೆ.”

ಅವನು ಸಹಿಯನ್ನು ಇನ್ನೊಮ್ಮೆ ನೋಡಿದ. ಆ ಮನುಷ್ಯ ತನ್ನ ಜಾಗವನ್ನೇ ಎತ್ತಿ ಇವನ ಕೈಗೆ ಕೊಟ್ಟು, ಓಡಿ ಎಂದಿದ್ದ.

“ಆದ್ರೆ ಇದು ನಡೆಯಲ್ಲ,” ಎಂದಳು ಸಲಹೆಗಾರ್ತಿ ನಿಯಮದ ಪುಸ್ತಕ ತೆಗೆದು. “ಪಟ್ಟೀಲಿರೋರು ಕಾವಲುದಾರರಾಗೋ ಹಾಗಿಲ್ಲ.”

ಗೋಡೆಯ ಗಡಿಯಾರ ಐದು ಹೊಡೆಯಿತು. ಆಕೆ ಒಲ್ಲದ ಮನಸ್ಸಿನಿಂದ ಅವನ ಹೆಸರಿನ ಮೇಲೆ ಗೆರೆ ಎಳೆದಳು. ಬಾಗಿಲು ಕಿರುಗುಟ್ಟಿತು. ಹೊಸ್ತಿಲಲ್ಲಿ ಮ್ಯಾನೇಜರು ಏದುಸಿರು ಬಿಡುತ್ತ ನಿಂತಿದ್ದರು.

“ಆಯ್ತಾ ಅವರದು?” ಎಂದರು.

“ಇಲ್ಲ. ಜಾಗ ನಿಮಗೆ ಬಂದಿದೆ. ಕಾವಲುದಾರರು ಯಾರು?”

ಮ್ಯಾನೇಜರ ನೇರ ಅಂಚು ಮೊದಲ ಸಲ ಬಾಗಿತು. “ನನಗೆ ಯಾರಿದಾರೆ? ಹೇಳಿದ್ರೆ ನಂಬೋರೂ ಇಲ್ಲ.”

ಸಲಹೆಗಾರ್ತಿ ಪುಸ್ತಕದ ಮುಂದಿನ ಪುಟ ತಿರುವಿದಳು. ಓದಿದಳು. ರಟ್ಟು ಕಟ್ಟುವವನನ್ನು ನೋಡಿದಳು. ಮತ್ತೆ ಓದಿದಳು.

“ಊರಲ್ಲಿ ಮೂವತ್ತು ದಿನ ಇದ್ದಿರ್ಬೇಕು. ನೆಂಟ ಆಗಿರ್ಬಾರ್ದು. ರೋಗಿಯಾಗಿರ್ಬಾರ್ದು, ಪಟ್ಟೀಲೂ ಇರ್ಬಾರ್ದು.” ಆಕೆಯ ತುಟಿ ಬಿಗಿಯಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. “ಒಂದು ನಿಮಿಷದಿಂದ ನೀವು ರೋಗಿನೂ ಅಲ್ಲ, ಪಟ್ಟೀಲೂ ಇಲ್ಲ.”

ಅವನು ಪೆನ್ನು ಎತ್ತಿಕೊಂಡ. ‘ಈತ ಕುಡುಕನೆಂದು ನಾನು ಬಲ್ಲೆ, ನಂಬುತ್ತೇನೆ.’ ಇಷ್ಟು ಸುಖವಾಗಿ ಅವನು ಯಾವತ್ತೂ ಸಹಿ ಹಾಕಿರಲಿಲ್ಲ.

ಐದೂ ಹತ್ತಕ್ಕೆ ಇಬ್ಬರೂ ವೃತ್ತದಲ್ಲಿ ಅಕ್ಕಪಕ್ಕ ಕೂತಿದ್ದರು. ರೋಗಿಯ ಕುರ್ಚಿಗೆ ಮೆತ್ತೆಯಿತ್ತು. ಕಾವಲುದಾರನದು ಬರೀ ಮರ. ಉಳಿದಂತೆ ಅದೇ ಕೋಣೆ, ಅದೇ ಉಪದೇಶ, ಮುಂದಿನ ತೊಂಬತ್ತು ಸಂಜೆ.

“ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ತಡ ಮಾಡ್ಬೇಡಿ,” ಎಂದು ಮ್ಯಾನೇಜರು ಪಿಸುಗುಟ್ಟಿದರು.

“ಸಂಜೆ ಐದಕ್ಕೆ ನೀವು ತಡ ಮಾಡ್ಬೇಡಿ ಸರ್.”

ಏಳಕ್ಕೆ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದ. ಆಕೆ ಮೊದಲ ರಿಂಗಿಗೇ ಎತ್ತಿದಳು.

“ಏನಾಯ್ತೋ? ಜಾಗ ಉಳೀತಾ?”

“ಹೋಯ್ತಕ್ಕ. ಆದ್ರೆ ಇಲ್ಲೇ ಇರ್ತೀನಿ. ಅದೇ ವೃತ್ತದಲ್ಲೇ ಕೂರ್ತೀನಿ. ಒಬ್ಬರು ಕುಡೀದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನನಗೆ ಕೊಟ್ಟಿದಾರೆ.”

ಆ ಕಡೆ ಬಿಕ್ಕಿದಂಥ ಸದ್ದು. ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಕೊನೆಗೆ ಕೇಳಿದಳು:

“ಅಯ್ಯೋ ಪಾಪ! ಆ ಮನುಷ್ಯನ ಮನೆಯೋರಿಗೆ ನೀನು ಎಂಥವನು ಅಂತ ಯಾರಾದ್ರೂ ಹೇಳಿದಾರೇನೋ?”