ಪ್ರೆಶರ್ ಇಳಿದ ದಿನ

"ಮಾವನ ಕಾರನ್ನು ನಾನೇ ಬಿಚ್ಚುತ್ತೇನೆ, ನಾನೇ ಕಟ್ಟುತ್ತೇನೆ. ಮೆಕ್ಯಾನಿಕ್ಕು ದೂರ ನಿಂತು ನೋಡಲಿ!" ಎಂದು ನಾನು ಘೋಷಿಸಿದ್ದು ಹೆಬಳೆಯ ನಮ್ಮ ಮನೆಯಂಗಳದಲ್ಲಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ಅರ್ಧ ತಾಲೂಕಿಗೆ ಬಾಯಿಪಾಠ ಮಾಡಿಸಿದವನು. ಅರವತ್ತು ವರ್ಷದ ಮುದಿ ಇಂಜಿನ್ನು ನನಗೆ ಯಾವ ಲೆಕ್ಕ!

ಕಾರು ನನ್ನ ಹೆಂಡತಿ ಮಾಲಿನಿಯ ಅಪ್ಪ ದೇವಪ್ಪ ನಾಯ್ಕರದ್ದು. ಕುಮಟಾದಲ್ಲಿ ಅದನ್ನು ಮೂವತ್ತೆಂಟು ವರ್ಷ ಓಡಿಸಿ, ತೀರಿಕೊಳ್ಳುವ ಮೊದಲು ಮಗಳ ಕೈಗೆ ಕೀಲಿ ಕೊಟ್ಟಿದ್ದರು. ಈಗ ಅದೇ ಊರಲ್ಲಿ ಭಾನುವಾರ ಹಳೆ ಕಾರುಗಳ ಪ್ರದರ್ಶನ. ಮಾಲಿನಿಯದು ಒಂದೇ ಆಸೆ.

"ಬಾಕಿದ್ದೆಂತ ಬೇಡ. ಅಪ್ಪನ ಗಾಡಿ ಅದ್ರ ಕಾಲ್ಮೇಲೆ ಕುಮಟಾಕ್ಕೆ ಹೋಗ್ಬೇಕು. ಅದ್ರ ಸದ್ದು ಆ ಪೇಟೆ ಮತ್ತೊಂದ್ಸಲ ಕೇಳ್ಬೇಕು."

"ಆತು! ಅದೆಂತ ದೊಡ್ಡ ಕೆಲ್ಸ?" ಎಂದೆ.

ಎರಡು ತಿಂಗಳು ದುಡಿದೆ. ವಿಡಿಯೋ ನೋಡಿ ಬಿಚ್ಚಿದೆ, ಹಳೇ ಬನಿಯನ್ನು ಹರಿದು ಒಳಗೆಲ್ಲ ಒರೆಸಿದೆ, ಮತ್ತೆ ಕಟ್ಟಿದೆ. ಮುರ್ಡೇಶ್ವರದ ಮೆಕ್ಯಾನಿಕ್ ದುರ್ಗಪ್ಪ ನನ್ನ ಹಳೇ ವಿದ್ಯಾರ್ಥಿ. ಗುರುವಾರ ಬಂದು ಇಣುಕಿ, "ಮಾಸ್ತರ್ರೆ, ಒಂದ್ಸಲ ಆಯಿಲ್ ಚೇಂಬರ್ ಬಿಚ್ಚಿ ನೋಡ್ಲಾ?" ಎಂದ.

"ಹತ್ತನೇ ಕ್ಲಾಸಿನಲ್ಲಿ ವಿಜ್ಞಾನಕ್ಕೆ ಎಷ್ಟು ಬಂದಿತ್ತು ನಿಂಗೆ?" ಎಂದೆ. ಪಾಪ, ಜಗಲಿಯಲ್ಲಿದ್ದ ಮಾಲಿನಿಗೆ ಏನೋ ಹೇಳಿ ಹೊರಟು ಹೋದ.

ಶುಕ್ರವಾರ ಬೆಳಿಗ್ಗೆ ಟೆಸ್ಟಿಂಗು. ಹೊನ್ನಾವರದವರೆಗೆ ಹೋಗಿ ಬರುವುದೆಂದು ಇಬ್ಬರೂ ಹೊರಟೆವು. ಮಂಕಿ ದಾಟುತ್ತಿದ್ದಂತೆ ಮಾಲಿನಿ ಅಂದಳು, "ಹೋಯ್, ಪ್ರೆಶರ್ ಇಳೀತಾ ಅದೆ."

ಅವಳಿಗೆ ಲೋ ಬಿಪಿ. ನಮ್ಮ ಕಡೆ ಬಿಪಿ ಎಂದು ಯಾರೂ ಹೇಳುವುದಿಲ್ಲ, ಪ್ರೆಶರ್ ಎಂದೇ ಹೇಳುವುದು. ಎರಡು ವರ್ಷದ ಹಿಂದೆ ಭಟ್ಕಳದ ಮೀನುಪೇಟೆಯಲ್ಲಿ ಬಂಗಡೆಗೆ ಚೌಕಾಸಿ ಮಾಡುತ್ತಲೇ ಕುಸಿದವಳು! ಹೊನ್ನಾವರದ ಆಸ್ಪತ್ರೆ ಮುಟ್ಟಬೇಕೆಂದು ಪೆಡಲು ಒತ್ತಿದೆ.

"ಹೋಯ್, ನಲ್ವತ್ತಿದ್ದದ್ದು ಇಪ್ಪತ್ತಾತು!"

ಇಪ್ಪತ್ತು! ಇಪ್ಪತ್ತರಲ್ಲಿ ಮನುಷ್ಯರು ಮಾತಾಡುತ್ತಾರೆಯೇ? ಇವಳು ಮಾತಾಡುತ್ತಿದ್ದಾಳಲ್ಲ, ಎಂಥ ಗಟ್ಟಿ ಜೀವ! ಮನಸ್ಸಿನಲ್ಲೇ ಕೈಮುಗಿದು ಇನ್ನೂ ಜೋರಾಗಿ ಒತ್ತಿದೆ.

"ಹತ್ತಾತು! ನಿಲ್ಸಿ! ನಿಲ್ಸಿ ಅಂದ್ರೆ!"

"ನಿಲ್ಸಿದ್ರೆ ನಿನ್ನ ಗತಿ ಎಂತ? ಬಾಯಿ ಮುಚ್ಚಿ ಒರಗಿ ಕೂತ್ಕೋ! ಮಾತಾಡಿದಷ್ಟೂ ಇಳೀತದೆ!"

"ನಂದಲ್ಲಾ..." ಎಂದು ಏನೋ ಕೂಗಿದಳು. ಕೇಳಿಸಲಿಲ್ಲ. ಅಷ್ಟರಲ್ಲಿ ಇಂಜಿನ್ನಿನೊಳಗೆ ಯಾರೋ ಸುತ್ತಿಗೆ ಬಡಿಯತೊಡಗಿದ್ದರು. ಟಕ ಟಕ ಟಕ. ಆಮೇಲೆ ಒಂದು ಕರ್ಕಶ ಕಿರುಚು. ಆಮೇಲೆ ಏನೂ ಇಲ್ಲ. ಕ್ಲಚ್ಚು ಒತ್ತಿ ಹೇಗೋ ಕಾರನ್ನು ಹೆದ್ದಾರಿಯ ಮಗ್ಗುಲಿಗೆ ತಂದೆ.

ಹಾರಿ ಇಳಿದು, ಆಚೆ ಬಾಗಿಲು ತೆರೆದು ಅವಳ ನಾಡಿ ಹಿಡಿದೆ. ಅವಳು ಕೈ ಕೊಡವಿಕೊಂಡು, ತನ್ನ ಮೊಣಕಾಲಿನ ಎದುರಿಗಿದ್ದ ಪುಟ್ಟ ಮೀಟರಿಗೆ ಬೆರಳು ತೋರಿಸಿದಳು. ಆಯಿಲ್ ಪ್ರೆಶರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

"ಮಾಸ್ತರು ರಸ್ತೆ ನೋಡ್ಲಿ, ಈ ಮುಳ್ಳು ನೀವು ನೋಡಿ ಅಂತ ದುರ್ಗಪ್ಪ ನನ್ಹತ್ರ ಹೇಳಿ ಹೋಗಿದ್ದ" ಎಂದಳು. ಅವಳ ಪ್ರೆಶರ್ ಸರಿಯಾಗಿಯೇ ಇತ್ತು. ಇಳಿದದ್ದು ಅವಳ ಅಪ್ಪನ ಕಾರಿನದ್ದು!

ದುರ್ಗಪ್ಪ ಕಾರನ್ನು ಎಳೆಸಿಕೊಂಡು ಹೋಗಿ ಚೇಂಬರ್ ಬಿಚ್ಚಿದ. ಇಂಜಿನ್ನಿಗೆ ಎಣ್ಣೆ ಎಳೆದುಕೊಳ್ಳುವ ಜಾಲರಿಗೆ ನನ್ನ ಬನಿಯನ್ನಿನ ಚಿಂದಿ ಮೆತ್ತಿ ಕೂತಿತ್ತು.

"ಎಣ್ಣೆ ಬೇಕಾದಷ್ಟಿತ್ತು ಮಾಸ್ತರ್ರೆ, ಮೇಲೆ ಹತ್ಲಿಲ್ಲ. ಬೇರಿಂಗು ಸುಟ್ಟು ಅಂಟಿ ಹೋಗ್ಯದೆ. ಇಂಜಿನ್ ಸೀಜ್. ಮುಳ್ಳು ಇಳಿದ ಕೂಡ್ಲೇ ಬಂದ್ ಮಾಡಿದ್ರೆ ಉಳೀತಿತ್ತು. ಹೇಳಿ ಹೋಗಿದ್ನಲ್ಲ, ಯಾರೂ ನೋಡ್ಲಿಲ್ವಾ?"

"ನೋಡುವವ್ರು ಇದ್ರು" ಎಂದಳು ಮಾಲಿನಿ. "ಕೇಳುವವ್ರು ಇರ್ಲಿಲ್ಲ. ಇವತ್ತಿಂದಲ್ಲ, ಮದುವೆಯಾದಾಗಿಂದ."

ಸಂಜೆಯೊಳಗೆ ಹೆಬಳೆ ತುಂಬ ಸುದ್ದಿ: ಮಾಸ್ತರ ಕಾರನ್ನು ಪೊಲೀಸರು ಸೀಜ್ ಮಾಡಿದರಂತೆ! ನಾನು ತಿದ್ದಲು ಹೋಗಲಿಲ್ಲ. ನಿಜ ಸಂಗತಿಗಿಂತ ಅದರಲ್ಲೇ ಹೆಚ್ಚು ಮರ್ಯಾದೆಯಿತ್ತು.

ಭಾನುವಾರ ಕಾರು ಲಾರಿಯ ಬೆನ್ನೇರಿ ಕುಮಟಾಕ್ಕೆ ಹೋಯಿತು. ಮೈದಾನದಲ್ಲಿ ಅಕ್ಕಪಕ್ಕದ ಮುದಿ ಕಾರುಗಳೆಲ್ಲ ಗುಡುಗುಡು ಎನ್ನುತ್ತಿದ್ದವು. ನಮ್ಮದು ಸುಮ್ಮನಿತ್ತು, ಮಾಲಿನಿಯೂ ಸುಮ್ಮನಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸಂಘಟಕರೊಬ್ಬರು ಬಂದು, ಕಾರಿನ ವಿವರ ಬರೆದು ಎದುರಿಗಿಡಿ ಎಂದು ಮಾಲಿನಿಯ ಕೈಗೆ ಒಂದು ರಟ್ಟು, ಪೆನ್ನು ಕೊಟ್ಟರು. ಪಾಠ ಹೇಳಿದ ಅಭ್ಯಾಸ, ನಾನು ಕೈ ಚಾಚಿದೆ. ಅವಳು ಪೆನ್ನು ಬಿಡಲಿಲ್ಲ. ದಪ್ಪ ಅಕ್ಷರದಲ್ಲಿ ತಾನೇ ಬರೆದು ಬಾನೆಟ್ಟಿಗೆ ಒರಗಿಸಿದಳು:

"ಓಡಿಸಿದವರು: ದೇವಪ್ಪ ನಾಯ್ಕ, ಮೂವತ್ತೆಂಟು ವರ್ಷ. ನಿಲ್ಲಿಸಿದವರು: ಅಳಿಯ, ಹತ್ತೇ ನಿಮಿಷ!"